ಜೂನ್ 6ಕ್ಕೆ ನೀರು ಹಾಕೋರು ಯಾರು?



ಪ್ರತಿ ವರ್ಷ ಜೂನ್ 5, ವಿಶ್ವ ಪರಿಸರ ದಿನ ಬಂತು ಅಂದ್ರೆ ನಮ್ಮ ನ್ಯೂಸ್ ರೂಮಿಗೆ ಒಂದೇ ಥರದ ಫೋಟೋಗಳು ಬರ್ತಾವೆ. ಸರ್ಕಾರಿ ಶಾಲೆಯ ಅಂಗಳ, ಹಿಂದೆ ಬ್ಯಾನರ್, ಮುಂದೆ ಒಂದು ಸಸಿ. ಆ ಒಂದು ಸಸಿಗೆ ಹನ್ನೆರಡು ಕೈ. ಕಾಲೇಜು ವಿದ್ಯಾರ್ಥಿಗಳು ಬಂದಿರ್ತಾರೆ, ಶಾಲೆ ಮಕ್ಕಳು ಸಾಲಾಗಿ ನಿಂತಿರ್ತಾರೆ, ಭಾಷಣ ಆಗುತ್ತೆ, ಬಿಸ್ಕೆಟ್ ಹಂಚ್ತಾರೆ. ಜೂನ್ 5 ಚೆನ್ನಾಗೇ ನಡೆಯುತ್ತೆ ಬಿಡಿ. ನನ್ನ ಪ್ರಶ್ನೆ ಜೂನ್ 6ರದ್ದು. ಮಾರನೇ ದಿನ ಆ ಗಿಡಕ್ಕೆ ನೀರು ಹಾಕೋರು ಯಾರು? ಅದಕ್ಕಿಂತ ದೊಡ್ಡ ಪ್ರಶ್ನೆ: ನಿನ್ನೆ ಬಂದಿದ್ದ ಅಣ್ಣ, ಅಕ್ಕ ಮತ್ತೆ ಬರ್ತಾರಾ ಅಂತ ಗೇಟಿನ ಕಡೆ ನೋಡೋ ಆ ಎಂಟನೇ ಕ್ಲಾಸಿನ ಮಗುವಿಗೆ ಉತ್ತರ ಹೇಳೋರು ಯಾರು?

ಯೋಜನೆ ಇಲ್ಲ ಅಂತೇನಿಲ್ಲ. ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಮಾಡಿ ಅಂತ ಕೇಂದ್ರ ಸರ್ಕಾರ 2019ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ನಗರದಲ್ಲಿ ಜಾಗ ಇಲ್ವಾ? ತಾರಸಿ ಮೇಲೆ, ಕುಂಡದಲ್ಲಿ, ಚೀಲದಲ್ಲಿ ಬೆಳೆಸಬಹುದು. ಕೊರತೆ ಇರೋದು ಕೈಗಳದ್ದು. ನಮ್ಮ ಮೇಷ್ಟ್ರಿಗೆ ಪಾಠದ ಜೊತೆ ಊಟದ ಲೆಕ್ಕ, ಚುನಾವಣೆ ಕೆಲಸ, ಸಮೀಕ್ಷೆ, ಆನ್‌ಲೈನ್ ಮಾಹಿತಿ ತುಂಬೋದು ಎಲ್ಲಾ ಇದೆ. ಅವರ ತಲೆ ಮೇಲೆ ತೋಟವನ್ನೂ ಹೊರಿಸಿದ್ರೆ ಅದು ಇನ್ನೊಂದು ರಿಜಿಸ್ಟರ್ ಆಗುತ್ತೆ, ತೋಟ ಆಗಲ್ಲ.

ಅಮೆರಿಕದ ಬರ್ಕ್ಲಿ ನಗರದಲ್ಲಿ ಆಲಿಸ್ ವಾಟರ್ಸ್ ಅನ್ನೋ ಹೋಟೆಲ್ ನಡೆಸುವ ಮಹಿಳೆ 1995ರಲ್ಲಿ ಒಂದು ಸಾರ್ವಜನಿಕ ಶಾಲೆಯ ಆವರಣದಲ್ಲಿ ಒಂದು ಎಕರೆ ತೋಟ ಶುರು ಮಾಡಿಸಿದ್ರು. ಆರರಿಂದ ಎಂಟನೇ ತರಗತಿಯ ಮಕ್ಕಳ ಶಾಲೆ ಅದು. ಆ ತೋಟ ಇವತ್ತಿಗೂ ಇದೆ. ಯಾಕೆ ಉಳೀತು? ತೋಟದಲ್ಲಿ ಕಲಿಸೋದಕ್ಕೇ ಅಂತ ಅಲ್ಲಿ ಪ್ರತ್ಯೇಕ ಶಿಕ್ಷಕರಿದ್ದಾರೆ. ನಮ್ಮ ಸರ್ಕಾರಿ ಶಾಲೆಯಲ್ಲಿ ಅಂಥ ಹುದ್ದೆ ಇಲ್ಲ. ಆದ್ರೆ ನಮ್ಮ ಹತ್ರ ಇನ್ನೊಂದು ಬಲ ಇದೆ, ಅದರ ಹೆಸರು ಎನ್ಎಸ್ಎಸ್.

ಗಾಂಧೀಜಿ ಜನ್ಮಶತಾಬ್ದಿಯ ವರ್ಷ, 1969ರಲ್ಲಿ, 37 ವಿಶ್ವವಿದ್ಯಾಲಯಗಳ 40 ಸಾವಿರ ವಿದ್ಯಾರ್ಥಿಗಳೊಂದಿಗೆ ಶುರುವಾದ ರಾಷ್ಟ್ರೀಯ ಸೇವಾ ಯೋಜನೆ. ಇದರಲ್ಲಿ ಪ್ರತಿ ಸ್ವಯಂಸೇವಕ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು. ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಒಂದು ಸಣ್ಣ ಲೆಕ್ಕ ಹಾಕ್ತೀನಿ, ನೋಡಿ. ವಾರಕ್ಕೆ ಎರಡು ಗಂಟೆ, ವರ್ಷಕ್ಕೆ 40 ವಾರ. ಒಟ್ಟು 80 ಗಂಟೆ. ಇನ್ನೂ 40 ಗಂಟೆ ಕೈಯಲ್ಲಿ ಉಳೀತು. ರಕ್ತದಾನ ಶಿಬಿರ, ಜಾಥಾ ಎಲ್ಲಾ ಅದರಲ್ಲಿ ಮಾಡಿ. ಹೊಸ ಯೋಜನೆ ಬೇಡ, ಹೊಸ ಬಜೆಟ್ಟೂ ಬೇಡ. ಇರೋ ಗಂಟೆಗಳನ್ನ ಒಂದೇ ಶಾಲೆಗೆ, ಒಂದೇ ವಾರಕ್ಕೆ ಕಟ್ಟಿಹಾಕಿದ್ರೆ ಸಾಕು.

ಒಂದೇ ಶಾಲೆ, ಒಂದೇ ವಾರ ಯಾಕೆ ಅಂತೀರಾ? ಹರಿವೆ ಸೊಪ್ಪು, ಮೆಂತ್ಯ ಬಿತ್ತಿದ್ರೆ ಸುಮಾರು ಒಂದು ತಿಂಗಳಿಗೆ ಕೊಯ್ಲು. ಮೂಲಂಗಿಗೆ ಒಂದೂವರೆ ತಿಂಗಳು. ಬೆಂಡೆಕಾಯಿ ಹೆಚ್ಚುಕಡಿಮೆ ಅಷ್ಟೇ. ಅಂದ್ರೆ ಒಂದು ಸೆಮಿಸ್ಟರ್ ಒಳಗೆ ಮಕ್ಕಳು ಮೂರು ಸಲ ಸೊಪ್ಪು ಬೆಳೆದು ಕೊಯ್ಯಬಹುದು. ಮೊದಲ ಸಲ ಹುಳ ತಿಂದು ಹೋಗುತ್ತೆ ಅಂತಾನೇ ಇಟ್ಕೊಳ್ಳಿ. ಎರಡನೇ ಸಲ ಬಿತ್ತೋವಾಗ ಪಕ್ಕದಲ್ಲಿ ಅದೇ ಅಕ್ಕ ಇದ್ರೆ ಮಗು ಒಂದು ವಿಷಯ ಕಲಿಯುತ್ತೆ: ಕೆಟ್ಟುಹೋದ್ರೆ ಮತ್ತೆ ಮಾಡಬಹುದು. ಹತ್ತನೇ ಕ್ಲಾಸಿನ ಹೊಸ್ತಿಲಲ್ಲಿ ನಿಂತಿರೋ ಮಗುವಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಾ?

ಬೆಂಗಳೂರಿನ ಸರ್ಕಾರಿ ಶಾಲೆಗಳಲ್ಲಿ ಕಟ್ಟಡ ಕೆಲಸಕ್ಕೆ ಅಂತ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರ ಮಕ್ಕಳಿದ್ದಾರೆ. ಕ್ಲಾಸಿನಲ್ಲಿ ಇಂಗ್ಲಿಷ್ ಓದು ಅಂದ್ರೆ ತಲೆ ತಗ್ಗಿಸೋ ಹುಡುಗ, ಮಣ್ಣಿಗೆ ಇಳಿದ್ರೆ ಮಾತಾಡ್ತಾನೆ. ಯಾವುದು ಕಳೆ, ಯಾವುದು ಪೈರು ಅಂತ ಅವನಿಗೆ ಗೊತ್ತು. ಸಿಟಿಯಲ್ಲಿ ಬೆಳೆದ ಬಿಕಾಂ ಹುಡುಗನಿಗೆ ಗೊತ್ತಿರಲ್ಲ. "ಅಣ್ಣಾ, ಅದು ಕೀಳಬ್ಯಾಡ್ರಿ, ಅದು ಮೆಂತ್ಯ" ಅಂತ ಆ ಮಗು ಹೇಳ್ತಲ್ಲ, ಅವತ್ತು ಅದಕ್ಕೆ ಸಿಗೋ ಧೈರ್ಯವನ್ನ ಯಾವ ಮಾರ್ಕ್ಸ್ ಕಾರ್ಡೂ ಕೊಡಲ್ಲ. ಆಮೇಲೆ ಕಳೆ ಕೀಳ್ತಾ ಕೀಳ್ತಾ ಬೇರೆ ಮಾತು ಬರುತ್ತೆ. ಡಿಪ್ಲೊಮಾ ಅಂದ್ರೇನಕ್ಕಾ? ಪಿಯುಸಿಗೆ ಫೀಸ್ ಎಷ್ಟು? ಹಾಸ್ಟೆಲ್ ಸಿಗುತ್ತಾ? ಮನೆಯಲ್ಲಿ ಯಾರೂ ಹೈಸ್ಕೂಲು ದಾಟದೇ ಇರೋವಾಗ ಈ ಪ್ರಶ್ನೆಗಳನ್ನ ಅದು ಇನ್ಯಾರನ್ನ ಕೇಳಬೇಕು? ಸರ್ಕಾರಿ ಡಿಗ್ರಿ ಕಾಲೇಜಿನ ಎಷ್ಟೋ ಮಕ್ಕಳು ಅದೇ ದಾರಿಯಲ್ಲಿ ನಡೆದು ಬಂದವರು. ಉತ್ತರ ಅವರ ಹತ್ರ ಇದೆ.

ಹಾಗಂತ ಉತ್ಪ್ರೇಕ್ಷೆ ಬೇಡ. ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಎರಡು ಮಡಿ ಸೊಪ್ಪಿನಿಂದ ಅದು ವಾಸಿ ಆಗಲ್ಲ. ಬೆಂಗಳೂರಿನ ಎಷ್ಟೋ ಶಾಲೆಗಳಿಗೆ ಬಿಸಿಯೂಟ ದೊಡ್ಡ ಅಡುಗೆಮನೆಯಿಂದ ವ್ಯಾನಲ್ಲಿ ಬರುತ್ತೆ. ತೋಟದ ಸೊಪ್ಪು ಆ ಸಾಂಬಾರಿಗೆ ಹೋಗೋದೇ ಇಲ್ಲ. ಪರವಾಗಿಲ್ಲ, ಒಂದೊಂದು ಕಟ್ಟು ಮನೆಗೆ ಹೋಗಲಿ. ಮಗಳು ಬೆಳೆದ ಸೊಪ್ಪಿನ ಸಾರು ಅವತ್ತು ಆ ಮನೆಯಲ್ಲಿ ಎಲ್ಲರೂ ಉಣ್ತಾರೆ.

ಇನ್ನು ನೀರು. 2024ರ ಮಾರ್ಚ್ ಮರೆತಿಲ್ಲ ತಾನೇ? ಕೈತೋಟಕ್ಕೆ ಕುಡಿಯುವ ನೀರು ಬಳಸಿದ್ರೆ 5 ಸಾವಿರ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಆದ್ರೆ ಮಧ್ಯಾಹ್ನ ಕೈ, ತಟ್ಟೆ ತೊಳೆಯೋಕೆ ಒಂದು ಮಗು ಒಂದು ಲೀಟರ್ ಬಳಸುತ್ತೆ ಅಂತ ಹಿಡಿದ್ರೂ 200 ಮಕ್ಕಳಿಗೆ 200 ಲೀಟರ್. ಸೋಪು ಬೆರೆಸದೆ, ಒಂದು ಜರಡಿ ಹಾಕಿ ಆ ನೀರನ್ನ ತಿರುಗಿಸಿದ್ರೆ ಎಂಟು ಹತ್ತು ಮಡಿಗೆ ಸಾಕು. ಏಪ್ರಿಲ್, ಮೇ ರಜೆಯಲ್ಲಿ? ಸೊಪ್ಪು ಬೇಡ, ಮಡಿ ಖಾಲಿ ಬಿಡಿ, ಒಣ ಎಲೆ ಹೊದಿಸಿ. ನುಗ್ಗೆ, ಕರಿಬೇವಿಗೆ ವಾರಕ್ಕೊಮ್ಮೆ ನೀರು ಹಾಕೋ ಪಾಳಿ ಪಟ್ಟಿ ಮಾಡಿ.

ಕಾಲೇಜುಗಳಿಗೆ ನನ್ನ ಮಾತು ಇಷ್ಟೇ. ನೂರು ಜನ ಒಂದು ದಿನ ಬರೋದು ಬೇಡ. ಹತ್ತು ಜನ ನಲವತ್ತು ವಾರ ಬರಲಿ. ಯಾವಾಗಲೂ ಇಬ್ಬಿಬ್ಬರು ಜೊತೆಯಾಗಿ, ಶಾಲೆ ಸಮಯದಲ್ಲಿ, ಒಬ್ಬ ಶಿಕ್ಷಕರ ಕಣ್ಣಳತೆಯಲ್ಲಿ ಕೆಲಸ ಮಾಡಲಿ. ಪರೀಕ್ಷೆ ಇದ್ರೆ "ಮುಂದಿನ ಎರಡು ವಾರ ಬರಲ್ಲ, ಮೂರನೇ ವಾರ ಬರ್ತೀನಿ" ಅಂತ ಮಕ್ಕಳಿಗೆ ಮೊದಲೇ ಹೇಳಲಿ, ಹೇಳಿದ ದಿನ ಬರಲಿ. ಕೋರ್ಸ್ ಮುಗಿದು ಹೋಗೋವಾಗ ಜೂನಿಯರ್‌ಗಳ ಕೈ ಹಿಡಿದು ಕರ್ಕೊಂಡು ಬಂದು ಪರಿಚಯ ಮಾಡಿಸಿ ಹೋಗಲಿ. ಸರ್ಟಿಫಿಕೇಟ್ ಕೊಡೋ ಮುಂಚೆ ಪ್ರಿನ್ಸಿಪಾಲರು ಒಂದೇ ಒಂದು ಪ್ರಶ್ನೆ ಕೇಳಲಿ: ಆ ಶಾಲೆಯ ಎಷ್ಟು ಮಕ್ಕಳ ಹೆಸರು ನಿನಗೆ ಗೊತ್ತು?

ಹರಿವೆ ಬೀಜಕ್ಕೆ ಹೆಚ್ಚು ದುಡ್ಡು ಬೇಕಾಗಿಲ್ಲ. ಆದ್ರೆ ಬರ್ತೀನಿ ಅಂತ ಹೇಳಿ ಬಾರದೇ ಹೋದವರನ್ನ ಮಕ್ಕಳು ತುಂಬಾ ದಿನ ನೆನಪಿಟ್ಕೊಳ್ತಾರೆ. ಈ ಸಲ ಜೂನ್ 5ರ ಫೋಟೋ ಕಳಿಸೋರಿಗೆ ನನ್ನದೊಂದು ಮನವಿ. ಅದೇ ಮಡಿಯ, ಅದೇ ಮಕ್ಕಳ ಇನ್ನೊಂದು ಫೋಟೋ ನವೆಂಬರ್‌ನಲ್ಲೂ ಕಳಿಸಿ. ನಮ್ಮ ಬುಲೆಟಿನ್‌ನಲ್ಲಿ ನಾವು ಎರಡನೇದನ್ನೇ ತೋರಿಸ್ತೀವಿ.