ರೊಟ್ಟಿಯ ಪಕ್ಕದಲ್ಲಿ ಏನಿದೆ?

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನುಡಿಯ ವಿಷಯವನ್ನು ಉಳಿದ ಮಹನೀಯರು ಮಾತನಾಡುವರು, ತಾವು ಆರೋಗ್ಯದ ವಿಷಯವಾಗಿ ನಾಲ್ಕು ಮಾತು ಹೇಳಬೇಕು ಎಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ನಾವು ವೈದ್ಯರಲ್ಲ. ಆದರೆ ಹೊತ್ತಿಗೆ ಸರಿಯಾಗಿ ಉಣ್ಣುವವರು, ಮನೆಯ ಖರ್ಚಿನ ಲೆಕ್ಕವನ್ನು ಬರೆದಿಡುವವರು. ಆದುದರಿಂದ ಊಟಕ್ಕೂ ಲೆಕ್ಕಕ್ಕೂ ಇರುವ ಸಂಬಂಧವನ್ನು ಕುರಿತು ಏನಾದರೂ ಹೇಳಬಹುದೆಂಬ ಧೈರ್ಯದಿಂದ ಒಪ್ಪಿಕೊಂಡೆವು.

ಒಳ್ಳೆಯ ಊಟದ ಮಾತೆತ್ತಿದೊಡನೆ ನಮ್ಮ ಜನ ಕೊಡುವ ಉತ್ತರ ಒಂದೇ: "ಅದೆಲ್ಲ ಉಳ್ಳವರಿಗೆ, ಸ್ವಾಮಿ." ಈ ಉತ್ತರವನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಬೇಳೆಯ ಧಾರಣೆ, ಎಣ್ಣೆಯ ಧಾರಣೆ ತಮಗೆ ನಮಗಿಂತಲೂ ಚೆನ್ನಾಗಿ ಗೊತ್ತು. ಆದರೂ ಈ ಮಾತಿನಲ್ಲಿ ನಿಜವೆಷ್ಟು, ಅಭ್ಯಾಸಬಲವೆಷ್ಟು ಎಂಬುದನ್ನು ಬಿಡಿಸಿ ನೋಡುವುದು ಅವಶ್ಯ.

ನಮ್ಮ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. 1876ರಿಂದ 1878ರ ವರೆಗೆ ದಕ್ಷಿಣ ದೇಶವನ್ನು ನುಂಗಿದ ಮಹಾಕ್ಷಾಮದಲ್ಲಿ ಬಳ್ಳಾರಿ, ಕರ್ನೂಲು ಜಿಲ್ಲೆಗಳು ಅತಿಯಾಗಿ ಬಳಲಿದುವು. ಆದವಾನಿ ತಾಲೂಕು ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅದು ಆಂಧ್ರಕ್ಕೆ ಸೇರಿದುದು 1953ರಲ್ಲಿ. ಕ್ಷಾಮದ ಕಾಮಗಾರಿಗಳಲ್ಲಿ ಕಲ್ಲು ಒಡೆದು ಮಣ್ಣು ಹೊರುತ್ತಿದ್ದವರಿಗೆ ಎಷ್ಟು ಕೊಟ್ಟರೆ ಸಾಕು ಎಂಬ ವಾದ ಅಧಿಕಾರಿಗಳಲ್ಲಿ ಎದ್ದಿತು. ವೆಚ್ಚ ತಗ್ಗಿಸಲೆಂದು ಬಂದ ಸರ್ ರಿಚರ್ಡ್ ಟೆಂಪಲ್ ಎಂಬವರು ದಿನಕ್ಕೆ ಒಂದು ಪೌಂಡ್, ಎಂದರೆ ಸುಮಾರು 450 ಗ್ರಾಂ ಧಾನ್ಯವೂ ಒಂದಿಷ್ಟು ಚಿಲ್ಲರೆ ಕಾಸೂ ಸಾಕೆಂದರು. ಮದರಾಸು ಪ್ರಾಂತದ ಆರೋಗ್ಯಾಧಿಕಾರಿಗಳಾಗಿದ್ದ ಡಾಕ್ಟರ್ ಕಾರ್ನಿಷ್ ಎಂಬವರು ಇದನ್ನು ಬಲವಾಗಿ ವಿರೋಧಿಸಿದರು. ದುಡಿಯುವ ದೇಹಕ್ಕೆ ಒಂದೂವರೆ ಪೌಂಡ್ ಧಾನ್ಯ ಬೇಕು, ಅದೂ ಬರಿಯ ಧಾನ್ಯವಾದರೆ ಸಾಲದು, ಜೊತೆಗೆ ಬೇಳೆಕಾಳೂ ಕಾಯಿಪಲ್ಲೆಯೂ ಬೇಕು ಎಂಬುದು ಅವರ ವಾದ. ಕೊನೆಗೆ 1877ರಲ್ಲಿ ಮದರಾಸು ಸರ್ಕಾರ ಅರ್ಧ ದಾರಿಗೆ ಬಂದಿತು: ಒಂದೂಕಾಲು ಪೌಂಡ್ ಧಾನ್ಯ, ಒಂದೂವರೆ ಔನ್ಸ್ ಬೇಳೆ. ಆ ಬೇಳೆ ನಮ್ಮ ಇಂದಿನ ತೂಕದಲ್ಲಿ 43 ಗ್ರಾಂ, ಒಂದು ಹಿಡಿ. ಹೆಚ್ಚಿದ ಕಾಲು ಪೌಂಡ್ ಧಾನ್ಯಕ್ಕಿಂತಲೂ ಈ ಒಂದು ಹಿಡಿ ಬೇಳೆಯೇ ದೊಡ್ಡದೆಂದು ನಮ್ಮ ಅಭಿಪ್ರಾಯ. ಹೊಟ್ಟೆ ತುಂಬುವುದು ಬೇರೆ, ಮೈಗೆ ಹತ್ತುವುದು ಬೇರೆ ಎಂಬುದನ್ನು ಸರ್ಕಾರವೂ ಒಪ್ಪಿಕೊಂಡಂತಾಯಿತು.

ಈಗ ನಮ್ಮ ಜೋಳದ ರೊಟ್ಟಿಗೆ ಬರೋಣ. ಜೋಳದ ಮೇಲೆ ನಮಗಿರುವ ಅಭಿಮಾನ ದೊಡ್ಡದು. ಎರೆಹೊಲದ ಹಿಂಗಾರಿ ಬಿಳಿಜೋಳದ ರೊಟ್ಟಿಯ ಮುಂದೆ ಯಾವ ಮೃಷ್ಟಾನ್ನವೂ ನಿಲ್ಲದೆಂದು ನಾವೂ ನಂಬಿದವರೇ. ಆದರೆ ಅಭಿಮಾನಕ್ಕೆ ಅಡ್ಡವಾಗಿ ಒಂದು ಸಂಗತಿಯನ್ನು ಹೇಳಲೇಬೇಕು. ಕೂನೂರಿನಲ್ಲಿದ್ದ ಪೋಷಣ ಸಂಶೋಧನಾಲಯ 1958ರಲ್ಲಿ ಹೈದರಾಬಾದಿಗೆ ಬಂದಿತು. ಡಾಕ್ಟರ್ ಸಿ. ಗೋಪಾಲನ್ ಅವರೂ ಅವರ ಸಹೋದ್ಯೋಗಿಗಳೂ ದಕ್ಖನ್ನಿನ ಬಡವರಲ್ಲಿ ಪೆಲಾಗ್ರ ಎಂಬ ರೋಗವನ್ನು ಕಂಡರು. ಬಿಸಿಲು ತಾಗುವ ಕತ್ತು, ಮುಂಗೈ, ಪಾದಗಳ ಚರ್ಮ ಕಪ್ಪಗಾಗಿ ಒರಟಾಗುವುದು, ಹೊಟ್ಟೆ ಕೆಡುವುದು, ಮನಸ್ಸು ಕುಗ್ಗಿ ಯಾವುದರಲ್ಲಿಯೂ ಆಸಕ್ತಿ ಇಲ್ಲದಂತಾಗುವುದು. ಈ ರೋಗಿಗಳು ಜೋಳವನ್ನೇ ಉಂಡು ಬದುಕುತ್ತಿದ್ದವರು. ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಮಿಗಿಲಾಗಿರುವುದು ಇದಕ್ಕೆ ಕಾರಣವಿರಬಹುದೆಂದು ಅವರು 1960ರಲ್ಲಿ ಪ್ರಕಟಿಸಿದರು. ಆ ಕಾರಣದ ವಿಷಯವಾಗಿ ಆಮೇಲೆ ವಿದ್ವಾಂಸರಲ್ಲಿ ವಾದ ನಡೆಯಿತು. ಪರಿಹಾರದ ವಿಷಯದಲ್ಲಿ ಮಾತ್ರ ವಾದವಿಲ್ಲ. ರೊಟ್ಟಿಯ ಪಕ್ಕದಲ್ಲಿ ಬೇರೆ ಪದಾರ್ಥವಿದ್ದ ಮನೆಗೆ ಆ ರೋಗ ಕಾಲಿಡದು.

ಇದೇ ರೋಗ ಅದಕ್ಕೂ ಮೊದಲು ಅಮೆರಿಕದ ದಕ್ಷಿಣ ಭಾಗವನ್ನು ಕಾಡಿತ್ತು. ಅಲ್ಲಿಯದು ಮೆಕ್ಕೆಜೋಳದ ಊಟ. ಇದು ಅಂಟುರೋಗವೆಂದೇ ಬಹುಮಂದಿ ನಂಬಿದ್ದ ಕಾಲದಲ್ಲಿ, 1914ರಲ್ಲಿ, ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರನ್ನು ಅಲ್ಲಿಯ ಸರ್ಕಾರ ನೇಮಿಸಿತು. ಅವರು 1916ರಿಂದ ಹತ್ತಿಗಿರಣಿಗಳ ಹಳ್ಳಿಗಳಲ್ಲಿ ಮನೆಮನೆಯ ಊಟವನ್ನೂ ಆದಾಯವನ್ನೂ ಬರೆದುಕೊಂಡರು. ಹಾಲಿಗೆ ಹಸುವಿದ್ದ ಮನೆಯಲ್ಲಿ ರೋಗ ವಿರಳ. ಬಡತನ ಹೆಚ್ಚಿದಂತೆ ರೋಗವೂ ಹೆಚ್ಚು. ಆದರೆ ಇದಕ್ಕಿಂತ ಸೋಜಿಗದ ಸಂಗತಿಯೊಂದು ಹೊರಬಿತ್ತು. ಸರಿಸುಮಾರು ಒಂದೇ ಆದಾಯದ ಎರಡು ಹಳ್ಳಿಗಳಲ್ಲಿ ಒಂದರಲ್ಲಿ ರೋಗವಿದ್ದು ಮತ್ತೊಂದರಲ್ಲಿ ಇರಲಿಲ್ಲ. ರೋಗವಿದ್ದ ಹಳ್ಳಿಯ ಸುತ್ತಲೂ ಹತ್ತಿಯ ಹೊಲವೇ ಹೊಲ. ತರಕಾರಿ, ಹಾಲು ಮಾರಲು ಬರುವ ರೈತನೇ ಇಲ್ಲ. ಕೈಯಲ್ಲಿ ಕಾಸಿದ್ದರೂ ಕೊಳ್ಳಲು ಪದಾರ್ಥವಿಲ್ಲ.

ಬಂಧುಗಳೇ, ಆದವಾನಿಯ ಹತ್ತಿ ಮಾರುಕಟ್ಟೆಯ ನೆರಳಿನಲ್ಲಿ ಬಾಳುವ ನಾವು ಈ ಮಾತನ್ನು ಕೇಳಿ ಸುಮ್ಮನೆ ಇರಲಾದೀತೆ? ನಮ್ಮ ಹಿರಿಯರು ಜೋಳದ ಹೊಲದಲ್ಲಿ ಅಕ್ಕಡಿ ಸಾಲು ಬಿಡುತ್ತಿದ್ದರು. ಒಂದು ಸಾಲು ತೊಗರಿ, ಒಂದು ಸಾಲು ಹೆಸರು ಇಲ್ಲವೆ ಅಲಸಂದೆ, ಬದುವಿನ ಮೇಲೆ ಪುಂಡಿ, ಅಂಚಿನಲ್ಲಿ ಗುರೆಳ್ಳು. ಆ ಸಾಲುಗಳನ್ನು ಯಾರೂ ಪೇಟೆಗೆ ಒಯ್ಯುತ್ತಿರಲಿಲ್ಲ. ಅವು ಅಡುಗೆಮನೆಯ ಸಾಲುಗಳು. ಅವುಗಳ ಬೆಲೆ ಯಾವ ಲೆಕ್ಕದ ಪುಸ್ತಕಕ್ಕೂ ಬಂದುದಿಲ್ಲ. ಇಂದು ಹೊಸ್ತಿಲ ವರೆಗೂ ಹತ್ತಿ, ಕಾಲುವೆಯ ನೀರು ಬಂದ ಕಡೆ ಭತ್ತ, ಮೆಣಸಿನಕಾಯಿ. ಇವು ಹಣ ತರುವ ಬೆಳೆಗಳು, ಸರಿ. ಆದರೆ ಅಕ್ಕಡಿ ಹೋದ ದಿನದಿಂದ ಹಿಡಿ ಬೇಳೆಗೂ ಕಟ್ಟು ಸೊಪ್ಪಿಗೂ ಸಂತೆಗೆ ಹೋಗಬೇಕಾಯಿತು. ಒಳ್ಳೆಯ ಊಟ ದುಬಾರಿಯಾದುದು ಅಂಗಡಿಯಲ್ಲಿ ಮಾತ್ರವಲ್ಲ, ಹೊಲದಲ್ಲಿ ಎಂದು ನಾವು ಹೇಳುವುದು ಇದಕ್ಕಾಗಿಯೇ.

ಇನ್ನು ಅಕ್ಕಿಯ ಮಾತು. 1983ರಲ್ಲಿ ಆಂಧ್ರಪ್ರದೇಶದಲ್ಲಿ ಕೆ.ಜಿ.ಗೆ 2 ರೂಪಾಯಿಯ ಅಕ್ಕಿ ಬಂದಿತು. 2013ರ ಆಹಾರ ಭದ್ರತೆಯ ಕಾನೂನಿನ ಧಾನ್ಯ 2023ರಿಂದ ಉಚಿತವಾಯಿತು. ಇದನ್ನು ಹಳಿಯುವವರ ಪಂಕ್ತಿಗೆ ನಾವು ಸೇರಿದವರಲ್ಲ. ಹಸಿವೆಯನ್ನು ಬಲ್ಲವರಾರೂ ಸೇರಲಾರರು. ಆದರೆ ಅನ್ನ ಸುಲಭವಾಯಿತೆಂದು ತಟ್ಟೆಯ ತುಂಬ ಅನ್ನವನ್ನೇ ಸುರಿದುಕೊಂಡು, ಮೇಲೆ ತೆಳ್ಳನೆಯ ಸಾರನ್ನು ಹೊಯ್ದುಕೊಂಡು ಏಳುವ ರೂಢಿ ಬೆಳೆದಿದೆ. ಅತ್ತ 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು. ನಮ್ಮ ನವಣೆ ನಗರಕ್ಕೆ ಹೋಗಿ ಅಂದದ ಪೊಟ್ಟಣದಲ್ಲಿ ಕುಳಿತುಕೊಂಡಿತು. ಈಗ ಅದನ್ನು ಮಾತನಾಡಿಸಲು ಬೆಳೆದವರಿಗೇ ಸಂಕೋಚ!

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, 2000 ಕಿಲೋ ಕ್ಯಾಲೊರಿಯ ಊಟಕ್ಕೆ ದಿನಕ್ಕೆ ಸುಮಾರು 250 ಗ್ರಾಂ ಧಾನ್ಯ ಸಾಕು, ಬೇಳೆಕಾಳು 85 ಗ್ರಾಂ ಬೇಕು ಎಂದಿದೆ. 1877ರ ಆ ಹಿಡಿಗೆ ಇನ್ನೊಂದು ಹಿಡಿ ಸೇರಿತೆಂದು ತಿಳಿಯಿರಿ. ಈ ಎರಡನೆಯ ಹಿಡಿಯನ್ನು ಎಲ್ಲಿಂದ ತರುವುದು? ಬಾದಾಮಿಯನ್ನು ಹುಡುಕಬೇಕಾಗಿಲ್ಲ. ನಮ್ಮ ಶೇಂಗಾ ಇದೆ. ನೂರು ಗ್ರಾಂ ಶೇಂಗಾ ಬೀಜದಲ್ಲಿ ಸುಮಾರು 25 ಗ್ರಾಂ ಸಸಾರಜನಕವಿದೆ; ಪೆಲಾಗ್ರವನ್ನು ತಡೆಯುವ ನಿಯಾಸಿನ್ ಎಂಬ ಜೀವಸತ್ವವೂ ಅದರಲ್ಲಿ ಧಾರಾಳವಾಗಿದೆ. ರೊಟ್ಟಿಯ ಪಕ್ಕದಲ್ಲಿ ಶೇಂಗಾ ಚಟ್ನಿಪುಡಿಯನ್ನು ಇಟ್ಟ ನಮ್ಮ ಅಜ್ಜಿಯಂದಿರು ನಿಯಾಸಿನ್ನಿನ ಹೆಸರನ್ನು ಕೇಳಿದವರಲ್ಲ. ಆದರೆ ಚಟ್ನಿಪುಡಿಯನ್ನು ಬೆರಳ ತುದಿಗೆ ಹಚ್ಚಿಕೊಂಡರೆ ಸಾಲದು, ಎರಡು ಚಮಚೆಯಷ್ಟು ಬೇಕು. ಅದಕ್ಕಾಗಿ ಖಾರವನ್ನೂ ಉಪ್ಪನ್ನೂ ತಗ್ಗಿಸಿ ಕುಟ್ಟಿಕೊಳ್ಳತಕ್ಕದ್ದು. ಹುರುಳಿ ಕಟ್ಟಿನ ಸಾರು, ಬೇಳೆ ಹಾಕಿದ ಪುಂಡಿಪಲ್ಯ, ಹಿತ್ತಿಲ ನುಗ್ಗೆಸೊಪ್ಪು, ಒಂದು ಲೋಟ ಮಜ್ಜಿಗೆ, ಉಣ್ಣುವವರಿಗೆ ಒಂದು ಮೊಟ್ಟೆ. ಇವುಗಳಲ್ಲಿ ಯಾವುದೂ ಉಳ್ಳವರ ಸ್ವತ್ತಲ್ಲ. ಮಕ್ಕಳ ಕೈಗೆ ದಿನವೂ ಕೊಡುವ ಕುರುಕಲು ಪೊಟ್ಟಣದ ಹಣವನ್ನು ಒಂದು ತಿಂಗಳು ಬರೆದಿಟ್ಟು ನೋಡಿರಿ. ಬೇಳೆಯ ಹಣ ಅಲ್ಲಿಯೇ ದೊರೆಯುವುದು.

ತಾಯಂದಿರಿಗೆ ಒಂದು ಮಾತು, ಅಥವಾ ತಾಯಂದಿರ ಪರವಾಗಿ ಉಳಿದವರಿಗೆ. ಎಲ್ಲರಿಗೂ ಬಡಿಸಿ ಕೊನೆಗೆ ಕುಳಿತುಕೊಳ್ಳುವವಳ ಪಾಲಿಗೆ ರೊಟ್ಟಿ ಉಳಿಯುವುದು, ಪಲ್ಯ ಉಳಿಯದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಬಿಳುಚಿದ ಮುಖ, ಹತ್ತು ಹೆಜ್ಜೆಗೆ ಏದುಸಿರು, ಇವನ್ನು ಬಡಕಲು ಮೈಯ ಸ್ವಭಾವವೆಂದು ಬಿಟ್ಟುಬಿಡುತ್ತೇವೆ. ಪಲ್ಯವನ್ನು ಮೊದಲೇ ಪಾಲು ಮಾಡಿ ತೆಗೆದಿಡುವುದಕ್ಕೆ ಒಂದು ಕಾಸೂ ಖರ್ಚಿಲ್ಲ. ಉಂಡೊಡನೆ ಚಹ ಕುಡಿದರೆ ಊಟದಲ್ಲಿಯ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಸೇರದು. ಒಂದು ಗಂಟೆ ತಡೆದು ಕುಡಿಯಬಹುದು. ಪಲ್ಯದ ಮೇಲೆ ನಿಂಬೆಹುಳಿ ಹಿಂಡಿಕೊಂಡರೆ ಆ ಅಂಶ ಚೆನ್ನಾಗಿ ಸೇರುವುದು.

ಮನಸ್ಸಿನ ಮಾತನ್ನೂ ಬಿಡುವಂತಿಲ್ಲ. ಸುಗ್ಗಿ ಎಂದರೆ ನಮ್ಮ ನುಡಿಯಲ್ಲಿ ರಾಶಿಯ ಕಾಲ, ಸಂಭ್ರಮದ ಕಾಲ. ಈ ಪಶ್ಚಿಮ ಕರ್ನೂಲಿನ ಹಳ್ಳಿಗಳಲ್ಲಿ ಸುಗ್ಗಿಗೆ ಹೋದರೆಂದರೆ ಬೇರೆಯೇ ಅರ್ಥ: ಮನೆಗೆ ಬೀಗ ಹಾಕಿ ಗುಂಟೂರು ಸೀಮೆಗೆ ಮೆಣಸಿನಕಾಯಿ ಬಿಡಿಸಲು ಹೋದರು ಎಂದು. ಒಂದು ಮಂಗಳದ ಶಬ್ದಕ್ಕೆ ಇಂಥ ಗತಿ ಬಂದುದನ್ನು ಕಂಡು, ಭಾಷೆಯ ಅಭಿಮಾನಿಗಳಾದ ನಮಗೆ ವ್ಯಾಕರಣಕ್ಕಿಂತ ಹೆಚ್ಚಿನ ನೋವಾಗುತ್ತದೆ. ಮಳೆ ಕೈಕೊಟ್ಟ ವರ್ಷ, ಸಾಲ ತಲೆಯ ಮೇಲೆ, ಮುದುಕರ ಬಳಿ ಬಿಟ್ಟುಹೋದ ಮಕ್ಕಳು. ಇಂಥವರಿಗೆ ಚಿಂತೆ ಮಾಡಬೇಡಿರೆಂದು ವೇದಿಕೆಯ ಮೇಲಿಂದ ಹೇಳುವುದು ಸುಲಭ, ನಾವು ಹೇಳಲಾರೆವು. ಇಷ್ಟನ್ನು ಮಾತ್ರ ಹೇಳುವೆವು: ಚಿಂತೆಯಿಂದ ನಿದ್ದೆ ಕೆಟ್ಟು, ಊಟ ಬಿಟ್ಟು, ಎರಡು ವಾರ ಕಳೆದರೂ ಮನಸ್ಸು ಏಳದಿದ್ದರೆ ಅದು ಹೇಡಿತನವಲ್ಲ, ಕಾಯಿಲೆ, ಅದಕ್ಕೆ ಮದ್ದೂ ಉಂಟು. 2022ರ ಅಕ್ಟೋಬರಿನಲ್ಲಿ ಭಾರತ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ವ್ಯವಸ್ಥೆಯಿದೆ; 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಹಣವಿಲ್ಲದೆ ಸಲಹೆ ದೊರೆಯುವುದು, ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮಾತನಾಡಬಹುದು. ಕುಡಿತದಿಂದ ಚಿಂತೆ ಕಳೆಯಲು ಹೊರಟವರು ಬೇಳೆಯ ಹಣವನ್ನೂ ಕಳೆದುಕೊಂಡರೆಂಬುದನ್ನು ಈ ಸಭೆಯಲ್ಲಿ ವಿವರಿಸಬೇಕಾಗಿಲ್ಲ.

ಸಂಘದ ಮುಂದೆ ಒಂದು ಸೂಚನೆಯನ್ನಿಟ್ಟು ಮುಗಿಸುವೆವು. ಮುಂಗಾರು ಬೀಳುವ ಮೊದಲು, ಯಾರ ಮನೆಯ ಮಡಕೆಯಲ್ಲಿ ಪುಂಡಿ, ಅಲಸಂದೆ, ತೊಗರಿ, ಗುರೆಳ್ಳಿನ ಹಳೆಯ ಬೀಜ ಉಳಿದಿದೆಯೋ ಅವರು ಒಂದೊಂದು ಸೇರು ತಂದು ಕಾರ್ಯದರ್ಶಿಗಳ ವಶಕ್ಕೆ ಕೊಡಲಿ. ಹೊಲವಿದ್ದವರು ಎರಡು ಸಾಲಿಗಾಗುವಷ್ಟು, ಹಿತ್ತಿಲು ಮಾತ್ರ ಇದ್ದವರು ಒಂದು ಹಿಡಿ, ಅಲ್ಲಿಂದ ಒಯ್ಯಲಿ. ಬೆಳೆದ ಮೇಲೆ ಒಯ್ದಷ್ಟನ್ನು ಮರಳಿ ತಂದುಕೊಡಲಿ. ಹೆಸರುಗಳನ್ನು ಬರೆದುಕೊಳ್ಳಲು ಒಂದು ಪುಸ್ತಕ ಬೇಕಾದೀತು. ಅದನ್ನು ನಾವು ಇಂದೇ ತಂದಿದ್ದೇವೆ.