ಬೆಟ್ಟದ ಕಲ್ಲುಮಣ್ಣು, ಬಯಲಿನ ನೀರು

(ಹಿರೇಗುಂಟನೂರಿನಲ್ಲಿ ನಡೆದ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಇಂತಹ ಸಭೆಗಳಲ್ಲಿ ಸಾಮಾನ್ಯವಾಗಿ ಪರೀಕ್ಷೆ, ಅಂಕ, ಉದ್ಯೋಗ ಇವುಗಳ ಮಾತೇ ಹೆಚ್ಚು. ನಾನು ಇಂದು ಮಣ್ಣಿನ ಬಗ್ಗೆ ಮಾತನಾಡಲು ಬಂದಿದ್ದೇನೆ. ಅದರಲ್ಲೂ ಎತ್ತರದ ಬೆಟ್ಟಗಳ ಕಾಡಿನಲ್ಲಿ ಸಿಗುವ, ಯಾರೂ ಬೆಲೆ ಕೊಡದ ಕಲ್ಲುಮಣ್ಣಿನ ಬಗ್ಗೆ. ಹೊಲ ಕೊಳ್ಳುವವರು ಎರೆ ಭೂಮಿ ಕೇಳುತ್ತಾರೆ, ಇಲ್ಲದಿದ್ದರೆ ಒಳ್ಳೆಯ ಕೆಂಪು ಭೂಮಿ ಕೇಳುತ್ತಾರೆ. ಕಲ್ಲುಮಣ್ಣು ಎಂದರೆ ಬರಡು ಎಂದು ಮುಖ ತಿರುಗಿಸುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಒಂದು ತಪ್ಪು ಮಾಡಿದ ಮೇಲೆ ತಿಳಿವಳಿಕೆ ಬಂತು.

ಹಲವು ವರ್ಷಗಳ ಹಿಂದೆ ನಾವು ಕೆಲವರು ಸ್ನೇಹಿತರು ಸೇರಿ ಒಂದು ಗುಡ್ಡದ ಇಳಿಜಾರಿನಲ್ಲಿ ಗಿಡ ನೆಟ್ಟೆವು. ಗುಂಡಿಯ ಸುತ್ತ ಇದ್ದ ಕಲ್ಲುಗಳನ್ನೆಲ್ಲ ಆರಿಸಿ ಎಸೆದು, ನೆಲವನ್ನು ಅಂಗಳದಂತೆ ಶುದ್ಧ ಮಾಡಿದೆವು. ಕೊನೆಯ ಸಾಲು ಮುಗಿಯುವ ಹೊತ್ತಿಗೆ ಸಂಜೆಯಾಯಿತು, ಎಲ್ಲರಿಗೂ ದಣಿವು. ಆ ಸಾಲಿನಲ್ಲಿ ಕಲ್ಲು ಎತ್ತದೆ ಗಿಡದ ಬುಡದಲ್ಲೇ ಬಿಟ್ಟು ಬಂದೆವು. ಮುಂದಿನ ಬೇಸಿಗೆಯಲ್ಲಿ ಹೋಗಿ ನೋಡಿದರೆ ಶುದ್ಧ ಮಾಡಿದ ಸಾಲುಗಳಲ್ಲಿ ಹೆಚ್ಚಿನ ಗಿಡಗಳು ಒಣಗಿದ್ದವು. ಸೋಮಾರಿತನದ ಸಾಲು ಹಸಿರಾಗಿತ್ತು. ನಾವು ಕಸವೆಂದು ಎಸೆದ ಕಲ್ಲೇ ಅಲ್ಲಿ ತೇವವನ್ನು ಕಾಯ್ದಿತ್ತು.

ಹಾಗಾದರೆ ಈ ಕಲ್ಲುಮಣ್ಣು ಹೇಗೆ ಹುಟ್ಟುತ್ತದೆ, ಅದರ ಗುಣಗಳೇನು ಎಂದು ನೋಡೋಣ.

ಚಿತ್ರದುರ್ಗದ ಕೋಟೆ ಇರುವುದು ಗ್ರಾನೈಟ್ ಬಂಡೆಗಳ ಮೇಲೆ. ಅದರ ದಕ್ಷಿಣಕ್ಕೆ ಇರುವ ಜೋಗಿಮಟ್ಟಿಯ ಬೆಟ್ಟಗಳಲ್ಲಿ ಕೋಟ್ಯಂತರ ವರ್ಷಗಳ ಹಿಂದಿನ ಲಾವಾದಿಂದಾದ ಶಿಲೆಗಳಿವೆ. ಅದೇ ಕಾಲದ ಲಾವಾ ನೀರಿನಡಿ ಹರಿದು ದಿಂಬಿನಾಕಾರದಲ್ಲಿ ಗಟ್ಟಿಯಾದದ್ದನ್ನು ನಮ್ಮ ಜಿಲ್ಲೆಯ ಮರಡಿಹಳ್ಳಿಯ ಬಳಿ ನೋಡಬಹುದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಗ್ರಾನೈಟ್ ಸವೆದರೆ ಒರಟಾದ ಮರಳು ಮಣ್ಣಾಗುತ್ತದೆ. ಲಾವಾ ಶಿಲೆ ಸವೆದರೆ ಕಬ್ಬಿಣದ ಅಂಶವಿರುವ, ಜಿಗುಟು ಹೆಚ್ಚಿರುವ ಕೆಂಪು ಮಣ್ಣಾಗುತ್ತದೆ. ಎರಡರಲ್ಲೂ ಗರಸು, ಕಲ್ಲುಚೂರು ಬೆರೆತಿರುತ್ತವೆ. ಮಣ್ಣಿನ ಶಾಸ್ತ್ರದಲ್ಲಿ 2 ಮಿಲಿಮೀಟರಿಗಿಂತ ದಪ್ಪ ಇರುವುದೆಲ್ಲ ಕಲ್ಲು ಅಥವಾ ಜಲ್ಲಿ. ಅದಕ್ಕಿಂತ ಸಣ್ಣದು ಮಾತ್ರ ಮಣ್ಣು.

ಬಂಡೆಯ ಮೇಲೆ ಮೊದಲು ಮನೆ ಮಾಡುವುದು ಕಲ್ಲುಹೂವು. ನಮ್ಮ ಮನೆಗಳಲ್ಲಿ ಬಿರಿಯಾನಿ ಮಸಾಲೆಗೆ ಹಾಕುವ ‘ಪತ್ಥರ್ ಕಾ ಫೂಲ್’ ಇದೇ ವರ್ಗಕ್ಕೆ ಸೇರಿದ್ದು. ಅದು ಸ್ರವಿಸುವ ಆಮ್ಲ ಬಂಡೆಯನ್ನು ಕೆರೆಯುತ್ತದೆ. ಬಿಸಿಲಿಗೆ ಹಿಗ್ಗಿ, ತಂಪಿಗೆ ಕುಗ್ಗಿ ಬಂಡೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಧೂಳು, ಎಲೆ ಕೊಳೆತು ಹುಲ್ಲು ಬೆಳೆಯುತ್ತದೆ, ಆಮೇಲೆ ಗಿಡ, ಆಮೇಲೆ ಮರ. ಹೀಗೆ ಒಂದು ಸೆಂಟಿಮೀಟರ್ ಮಣ್ಣು ಆಗಲು ನೂರಾರು ವರ್ಷಗಳು ಬೇಕು.

ಈ ಮಣ್ಣಿಗೆ ನಾಲ್ಕು ಮುಖ್ಯ ಗುಣಗಳಿವೆ.

ಮೊದಲನೆಯದು, ಆಳ ಕಡಿಮೆ. ಕೆಲವೆಡೆ ಗೇಣುದ್ದ ಅಗೆದರೆ ಬಂಡೆ ಸಿಗುತ್ತದೆ. ಆದ್ದರಿಂದ ಅಲ್ಲಿನ ಮರಗಳ ಬೇರು ಬಂಡೆಯ ಬಿರುಕು ಹುಡುಕಿಕೊಂಡು ಹೋಗುತ್ತದೆ. ದಿಂಡಿಗ, ಕಮರ, ಬಂದರಿಕೆಯಂತಹ ಗಿಡಮರಗಳು ಈ ಬಡತನಕ್ಕೆ ಹೊಂದಿಕೊಂಡವು.

ಎರಡನೆಯದು, ಮಳೆನೀರು ಬೇಗ ಒಳಗೆ ಇಳಿಯುತ್ತದೆ. ಕಲ್ಲುಗಳ ಸಂದಿಯಲ್ಲಿ, ಬೇರುಗಳ ಜಾಡಿನಲ್ಲಿ ಇಳಿದ ನೀರು ಬಂಡೆಯ ಬಿರುಕು ಸೇರಿ, ನಿಧಾನವಾಗಿ ತಪ್ಪಲಿನ ಹಳ್ಳಗಳಿಗೂ ಬಾವಿಗಳಿಗೂ ಬರುತ್ತದೆ.

ಮೂರನೆಯದು, ಮೇಲಿನ ಕಲ್ಲು ಮಣ್ಣಿಗೆ ಛತ್ರಿ. ಮಳೆಹನಿಯ ಪೆಟ್ಟು ನೇರವಾಗಿ ಮಣ್ಣಿಗೆ ಬೀಳುವುದಿಲ್ಲ. ಬಿಸಿಲಿಗೆ ತೇವ ಆರುವುದೂ ಕಡಿಮೆ. ನಮ್ಮ ಗಿಡಗಳ ಕಥೆಯ ಗುಟ್ಟು ಇದೇ.

ನಾಲ್ಕನೆಯದು, ಸಾರವೆಲ್ಲ ಮೇಲಿನ ತೆಳುಪದರದಲ್ಲಿ ಇರುತ್ತದೆ. ಉದುರಿದ ಎಲೆ ಕೊಳೆತ ಕಪ್ಪು ಮಣ್ಣು ಅದು. ಎತ್ತರಕ್ಕೆ ಹೋದಂತೆ ಪ್ರತಿ ಸಾವಿರ ಮೀಟರಿಗೆ ಸುಮಾರು 6 ಡಿಗ್ರಿ ಸೆಲ್ಸಿಯಸ್ ತಂಪು ಹೆಚ್ಚುತ್ತದೆ. ತಂಪಿನಲ್ಲಿ ಎಲೆ ಕೊಳೆಯುವುದು ನಿಧಾನ. ಹಾಗಾಗಿ ಎತ್ತರದ, ಹೆಚ್ಚು ಮಳೆಯ ಕಾಡುಗಳಲ್ಲಿ ಈ ಕಪ್ಪು ಪದರ ದಪ್ಪವಾಗಿ ಸ್ಪಂಜಿನಂತೆ ನೀರು ಹಿಡಿಯುತ್ತದೆ.

ಅಂತಹ ಕಾಡು ನಮಗೆ ದೂರದ್ದಲ್ಲ. ವೇದಾವತಿ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ನೆಟ್ಟರೆಂದು ಜನ ನಂಬಿರುವ ಬೆಟ್ಟಗಳು ಅವು. ಕಣಿವೆಗಳಲ್ಲಿ ದಟ್ಟವಾದ ಶೋಲಾ ಕಾಡು, ಮೇಲೆ ಹುಲ್ಲುಗಾವಲು, ಕೆಳಗೆ ಕಬ್ಬಿಣದ ಅದಿರಿನ ಶಿಲೆ. ಅಲ್ಲಿನ ಕಲ್ಲುಮಣ್ಣು ಹಿಡಿದು ಬಿಡುವ ನೀರೂ ಸೇರಿ ವೇದಾವತಿಯಾಗಿ ಹರಿದು ಹಿರಿಯೂರಿನ ಮಾರಿಕಣಿವೆಗೆ, ಅಂದರೆ ವಾಣಿವಿಲಾಸ ಸಾಗರಕ್ಕೆ ಬರುತ್ತದೆ. 1907ರಲ್ಲಿ ಕಟ್ಟಿ ಮುಗಿಸಿದ ಆ ಜಲಾಶಯ 1933ರಲ್ಲಿ ತುಂಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಭದ್ರಾ ನೀರೂ ಸೇರಿ, 89 ವರ್ಷಗಳ ನಂತರ. ಆ ದಿನ ಕೋಡಿ ನೋಡಲು ಹೋದವರು ಇಲ್ಲಿಯೂ ಹಲವರಿರಬಹುದು. ನೀರನ್ನು ನೋಡಿದಿರಿ. ಅದು ನಡೆದು ಬಂದ ಮಣ್ಣನ್ನೂ ಒಮ್ಮೆ ನೆನೆಯಿರಿ.

ಈಗ ಅಪಾಯದ ಮಾತು. ಬೆಟ್ಟಕ್ಕೆ ಬೆಂಕಿ ಬಿದ್ದರೆ ಮೊದಲು ಸುಡುವುದು ಎಲೆಗಳ ಹೊದಿಕೆ. ಮುಂದಿನ ಮಳೆಗೆ ಬರಿಮಣ್ಣು ಕೊಚ್ಚಿ ಹೋಗುತ್ತದೆ. ಒಂದು ಎಕರೆಯಲ್ಲಿ ಒಂದೇ ಒಂದು ಸೆಂಟಿಮೀಟರ್ ಮಣ್ಣು ಹೋಯಿತೆಂದರೆ ಸುಮಾರು 40 ಘನ ಮೀಟರ್. ಟ್ರ್ಯಾಕ್ಟರ್ ಲೆಕ್ಕದಲ್ಲಿ ಹತ್ತು ಹನ್ನೆರಡು ಲೋಡಿಗೂ ಮೇಲೆ. ಆ ಮಣ್ಣು ಕೆರೆಗೆ ಬಂದರೆ ಹೂಳು. ಮೇಲೆ ಇದ್ದಾಗ ನೀರು ಹಿಡಿಯುತ್ತಿದ್ದ ಮಣ್ಣೇ ಕೆಳಗೆ ಬಂದು ನೀರಿನ ಜಾಗವನ್ನು ಕಸಿದುಕೊಳ್ಳುತ್ತದೆ. ಒಂದೇ ಮಣ್ಣಿನಿಂದ ಎರಡು ನಷ್ಟ.

ಗಣಿಗಾರಿಕೆಯ ಮಾತನ್ನೂ ಬಿಡುವಂತಿಲ್ಲ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ತಡೆಯಿತು. ಆಮೇಲೆ ಷರತ್ತುಗಳೊಂದಿಗೆ ಅವಕಾಶ ಕೊಟ್ಟಿತು. ಗಣಿಯಿಂದ ಬದುಕು ಕಟ್ಟಿಕೊಂಡ ಕುಟುಂಬಗಳು ನಮ್ಮಲ್ಲಿಯೂ ಇವೆ, ಅವರ ದುಡಿಮೆಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಅಗೆದ ಗುಡ್ಡದಲ್ಲಿ ಮರು ಗಿಡ ನೆಡಬಹುದು, ಮೇಲುಮಣ್ಣನ್ನು ಮರು ಹುಟ್ಟಿಸಲು ನಮ್ಮ ಆಯುಷ್ಯ ಸಾಲದು. ಆದ್ದರಿಂದ ತೆಗೆದ ಮೇಲುಮಣ್ಣನ್ನು ಬೇರೆಯಾಗಿ ಕಾಪಾಡಿ, ಕೊನೆಗೆ ಮತ್ತೆ ಹರಡಬೇಕೆಂದು ಕೇಳುವ ಹಕ್ಕು ಊರಿನವರಿಗೆ ಇದೆ. ಕೇಳಲು ತಿಳಿದಿರಬೇಕು, ತಿಳಿಯಲು ಓದಬೇಕು.

ವಿದ್ಯಾರ್ಥಿಗಳೇ, ಒಂದು ಸಣ್ಣ ಪ್ರಯೋಗ ಮಾಡಿ. ತಳವಿಲ್ಲದ ಒಂದು ಡಬ್ಬಿ ತೆಗೆದುಕೊಳ್ಳಿ. ಊರ ಪಕ್ಕದ ದಿಬ್ಬದಲ್ಲಿ ದನಗಳು ತುಳಿದು ಗಟ್ಟಿಯಾದ ಕಡೆ ಅದನ್ನು ಒತ್ತಿ ನಿಲ್ಲಿಸಿ, ಒಂದು ಲೋಟ ನೀರು ಹಾಕಿ. ಇಂಗಲು ಎಷ್ಟು ನಿಮಿಷ ಬೇಕೆಂದು ಬರೆದುಕೊಳ್ಳಿ. ನಂತರ ಮರದ ಕೆಳಗೆ, ಎಲೆ ಬಿದ್ದ ಜಲ್ಲಿ ನೆಲದಲ್ಲಿ ಅದೇ ರೀತಿ ಮಾಡಿ. ಎರಡು ಅಂಕಿಗಳನ್ನು ನಿಮ್ಮ ಶಿಕ್ಷಕರಿಗೆ ತೋರಿಸಿ. ಜೋಗಿಮಟ್ಟಿ ವನ್ಯಜೀವಿಧಾಮ, ಅಲ್ಲಿಂದ ಒಂದು ಕಲ್ಲನ್ನೂ ತರಬೇಡಿ. ಊರ ದಿಬ್ಬವೇ ಸಾಕು.

ಈ ವಿಷಯದಲ್ಲಿ ಆಸಕ್ತಿ ಹುಟ್ಟಿದರೆ ಓದಲು ದಾರಿಗಳಿವೆ. ಪೊನ್ನಂಪೇಟೆ ಮತ್ತು ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯಗಳಿವೆ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಡಾಕ್ಟರ್, ಇಂಜಿನಿಯರ್ ಬೇಕು ನಿಜ. ಮಣ್ಣು ಬಲ್ಲವರೂ ನಮ್ಮ ಮನೆಗಳಿಂದ ಬರಬೇಕು, ಅದರಲ್ಲೂ ಹೆಣ್ಣುಮಕ್ಕಳು. ಬೋರ್‌ವೆಲ್ ಬತ್ತಿದ ದಿನ ಕೊಡ ಹಿಡಿದು ದೂರ ನಡೆಯುವವರು ಅವರೇ ಅಲ್ಲವೇ?

ಇನ್ನು ಮುಂದೆ ಬೆಟ್ಟದ ಕಡೆ ನೋಡಿದಾಗ ಬರೀ ಕಲ್ಲು ಎನ್ನಬೇಡಿ. ನಮ್ಮ ನೀರನ್ನು ಕಾಯುವ ಕೆಲಸ ಅಲ್ಲಿ ಗೇಣುದ್ದದ ಮಣ್ಣಿನ ಪಾಲಿಗೆ ಬಂದಿದೆ. ಅದಕ್ಕೆ ಬೆಂಕಿ ತಾಗದಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.