ಚೋಕಿನ ಹೊಟ್ಟೆಯೊಳಗೆ ಏನಿದೆ?

ಮಕ್ಕಳೇ, ಹಾನಗಲ್ಲಿಗೆ ಹೋಗಿ, ಶಿಗ್ಗಾವಿಗೆ ಹೋಗಿ, ಸವಣೂರು, ಹಿರೇಕೆರೂರಿಗೆ ಹೋಗಿ, ಪೇಟೆಯಲ್ಲೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದ್ದೇ ಇರುತ್ತದೆ. ಬೋರ್‌ವೆಲ್ ಮೋಟಾರ್ ಸುಟ್ಟರೆ ರೈತರು ಬರುವುದು ಅಲ್ಲಿಗೇ. ಅಲ್ಲಿ ಹಳೆಯ ಟ್ಯೂಬ್‌ಲೈಟ್ ಚೋಕ್ ಬಿದ್ದಿದ್ದರೆ, ಅಂಗಡಿಯವರನ್ನು ಕೇಳಿ ಒಮ್ಮೆ ಎತ್ತಿ ನೋಡಿ. ಅಂಗೈಯಷ್ಟು ಡಬ್ಬಿ, ಎಷ್ಟು ಭಾರ! ಎಲೆಕ್ಟ್ರಾನಿಕ್ ಚೋಕ್ ಸಿಕ್ಕರೆ ಅದನ್ನೂ ಎತ್ತಿ. ತೀರಾ ಹಗುರ. ಎರಡರ ಕೆಲಸವೂ ಒಂದೇ, ತೂಕ ಮಾತ್ರ ಯಾಕೆ ಬೇರೆ?

ಎರಡರ ಒಳಗೂ ತಾಮ್ರದ ತಂತಿಯ ಸುರುಳಿಯಿದೆ. ಹೇರು ತುಂಬಿದ ಎತ್ತಿನ ಬಂಡಿ ಥಟ್ಟನೆ ಹೊರಡುವುದಿಲ್ಲ, ಹೊರಟ ಮೇಲೆ ಥಟ್ಟನೆ ನಿಲ್ಲುವುದೂ ಇಲ್ಲ. ಸುರುಳಿಯಲ್ಲಿ ಕರೆಂಟಿನ ಕತೆಯೂ ಹಾಗೇ. ಹರಿಯುವಾಗ ಅದು ಸುತ್ತಲೂ ಕಾಂತಕ್ಷೇತ್ರ ಕಟ್ಟಿ ಶಕ್ತಿ ಕೂಡಿಡುತ್ತದೆ, ತಗ್ಗುವಾಗ ಹಿಂದಕ್ಕೆ ಕೊಡುತ್ತದೆ. ಇದೇ ಇಂಡಕ್ಟರ್. ಸುರುಳಿಯ ನಡುವಿನ ತಿರುಳೇ ಕೋರ್.

ಹಳೆ ಚೋಕಿನ ಕೋರ್ ಸಿಲಿಕಾನ್ ಬೆರೆಸಿದ ಉಕ್ಕಿನದು. ಅದು ಇಡೀ ಗಟ್ಟಿಯಲ್ಲ, ತೆಳು ತಗಡುಗಳ ಕಟ್ಟು. ಹೊಲದ ಬದಿಯ ಟಿಸಿಯೊಳಗೂ (ಟ್ರಾನ್ಸ್‌ಫಾರ್ಮರ್) ಇಂಥದೇ ತಗಡು. ಗಟ್ಟಿ ಉಕ್ಕಿಟ್ಟರೆ ಅದರೊಳಗೇ ಕರೆಂಟ್ ಸುಳಿ ಸುತ್ತಿ ಕಾಯುತ್ತದೆ. ನಮ್ಮ ಕರೆಂಟ್ ಸೆಕೆಂಡಿಗೆ 50 ಆವರ್ತ ಮುಗಿಸುತ್ತದೆ. ಪ್ರತಿ ಆವರ್ತದಲ್ಲಿ ಉಕ್ಕು ಎರಡು ಸಲ ಅದುರುವುದರಿಂದ ಟಿಸಿ ಗುಂಯ್‌ಗುಡುತ್ತದೆ.

ಎಲೆಕ್ಟ್ರಾನಿಕ್ ಚೋಕ್ ಸೆಕೆಂಡಿಗೆ 20,000ಕ್ಕೂ ಹೆಚ್ಚು ಆವರ್ತ ನಡೆಸುತ್ತದೆ. ಒಂದೊಂದು ಸಲಕ್ಕೆ ಕೂಡಿಡಬೇಕಾದ ಶಕ್ತಿ ಚಿಟಿಕೆಯಷ್ಟು, ಹಾಗಾಗಿ ಪುಟ್ಟ ಕೋರ್ ಸಾಕು. ಆ ವೇಗಕ್ಕೆ ಉಕ್ಕಿನ ತಗಡೂ ಕಾದುಬಿಡುತ್ತದೆ. ಅಲ್ಲಿಗೆ ಬೇಕಾದದ್ದು ಫೆರೈಟ್: ಕಬ್ಬಿಣದ ಆಕ್ಸೈಡಿಗೆ ಮ್ಯಾಂಗನೀಸ್, ಸತುವಿನ ಆಕ್ಸೈಡ್ ಸೇರಿಸಿ ಕುಲುಮೆಯಲ್ಲಿ ಸುಟ್ಟ ಕಪ್ಪು ವಸ್ತು. 1930ರಲ್ಲಿ ಟೋಕಿಯೊದ ವಿಜ್ಞಾನಿಗಳಾದ ಕಾಟೊ, ಟಕೆಯಿ ಇದರ ದಾರಿ ತೆರೆದರು. ಫೆರೈಟ್ ಕಾಂತಕ್ಕೆ ಒಲಿಯುತ್ತದೆ, ಕರೆಂಟಿಗೆ ಸುಲಭಕ್ಕೆ ದಾರಿ ಬಿಡುವುದಿಲ್ಲ. ಎಂಥ ಚಂದದ ಉಪಾಯ!

ಆದರೆ ಫೆರೈಟ್ ಕಾಂತದಿಂದ ಬೇಗ ತುಂಬಿಹೋಗುತ್ತದೆ. ಉಕ್ಕು ಸುಮಾರು 2 ಟೆಸ್ಲಾ (ಕಾಂತಕ್ಷೇತ್ರದ ಅಳತೆ) ತಾಳಿದರೆ ಇದಕ್ಕೆ 0.4ರ ಆಸುಪಾಸಿನಲ್ಲೇ ಸಾಕಾಗುತ್ತದೆ. ತುಂಬಿದ ಮೇಲೆ ಸುರುಳಿಗೆ ತಡೆಯುವ ಬಲವಿಲ್ಲ. ಕರೆಂಟ್ ಜಿಗಿದು ಚೋಕಿನೊಳಗಿನ ಟ್ರಾನ್ಸಿಸ್ಟರ್ ಸುಟ್ಟೇಹೋಗುತ್ತದೆ. ಅದಕ್ಕೇ ಕೋರಿನ ಎರಡು ಹೋಳುಗಳ ನಡುವೆ ಕಾಗದದ ದಪ್ಪದ ಸಂದು ಬಿಡುತ್ತಾರೆ. ಕೂಡಿಟ್ಟ ಶಕ್ತಿಯ ಬಹುಪಾಲು ಇರುವುದು ಆ ಖಾಲಿ ಸಂದಿನಲ್ಲೇ!

ಸಂದಿರುವ ಕೋರ್ ಇನ್ನೊಂದು ಕಡೆಯೂ ಸಿಗುತ್ತದೆ. ಹಳೆ ಕಂಪ್ಯೂಟರಿನ ಪವರ್ ಸಪ್ಲೈ ಬಿಚ್ಚಿಟ್ಟಿದ್ದರೆ, ತಾಮ್ರ ಸುತ್ತಿದ ಹಳದಿ ಉಂಗುರ ಹುಡುಕಿ (ನೋಡಿ ಅಷ್ಟೇ, ಕರೆಂಟಿನಿಂದ ತೆಗೆದಿದ್ದರೂ ಮುಟ್ಟಲೇಬೇಡಿ). ಅದು ಕಬ್ಬಿಣದ ಪುಡಿಯ ಕೋರ್. ಅಲ್ಲಿ ಬೇರೆ ಸಂದು ಬೇಕಿಲ್ಲ, ಕಣಕಣದ ನಡುವೆಯೂ ಸಂದಿದೆ.